ಕೈ ತೋರಿಸಿದಲ್ಲಿ ನಿಲ್ಲುವ ಗಾಡಿ

ಚಿಂತಾಮಣಿ
18-6-2006

ಹರಿಣಿ,

ನೀನು ಭದ್ರಾಚಲದಿಂದ ಫೋನು ಮಾಡಿದಾಗ, ಊಟ ಆಯ್ತಾ, ನೀರು ಕಾಯಿಸಿ ಕುಡೀತಿದ್ದೀಯಾ ಅಂತ ನಿಮ್ಮಮ್ಮ ಕೇಳಿ ಮುಗಿಸುವಷ್ಟರಲ್ಲಿ ಲೈನು ಹೋಯಿತು. ನನ್ನ ಕೈಗೆ ರಿಸೀವರ್ ಸಿಗಲೇ ಇಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನಿಮ್ಮಮ್ಮ ನಡುವೆ ಬಾಯಿ ಹಾಕುವ ಹಾಗಿಲ್ಲ.

ಮುನೇಶ ಹೇಗಿದ್ದಾನೆ? ನನ್ನ ಬಸ್ಸಿಗೆ ಕ್ಲೀನರ್ ಆಗಿ ಬಂದಾಗ ಅವನಿಗೆ ‘ರೈಟ್’ ಅನ್ನುವ ಕಡೆ ‘ಓಲ್ಡಾನ್’ ಅನ್ನುವ ಬುದ್ಧಿ. ಸ್ಟೇರಿಂಗ್ ಹಿಡಿಯೋದು ಕಲಿಸಿದವನು ನಾನು. ನಿಮ್ಮ ಸಂಚಾರಿ ಆಸ್ಪತ್ರೆ ಸಂಸ್ಥೆಯವರು ತೆಲುಗು ಬರುವ ನಂಬಿಕಸ್ಥ ಡ್ರೈವರ್ ಬೇಕು ಅಂದಾಗ ಅವನ ಹೆಸರು ಹೇಳಿದವನೂ ನಾನೇ. ನಿನ್ನನ್ನು ನರ್ಸ್ ಅಂತ ತೆಗೆದುಕೊಂಡಿದ್ದೂ ಅರ್ಧ ತೆಲುಗಿಗೇ ಅಲ್ಲವಾ? ಶಾಲೆಯಲ್ಲಿ ಮೇಷ್ಟ್ರು ‘ಎರಡು ಭಾಷೆ ಕಲಬೆರಕೆ ಮಾಡಬೇಡ’ ಅಂತ ನಿನಗೆ ಬಾರಿಸುತ್ತಿದ್ದರು. ಈಗ ಅದೇ ಕಲಬೆರಕೆಗೆ ಸಂಬಳ.

ಅವನ ತಾಯಿ ಆಂಜಿನಮ್ಮ ದಿನಾ ಬೆಳಗ್ಗೆ ನಲ್ಲಪ್ಪನಹಳ್ಳಿ ಗೇಟಿನಲ್ಲಿ ಹೂವಿನ ಮಂಕರಿ ಇಟ್ಟುಕೊಂಡು ಕೈ ತೋರಿಸುತ್ತಾಳೆ. ಮುರುಗಮಲ್ಲದ ದರ್ಗಾ ಮುಂದೆ ಹೂವು ಮಾರಿ, ಸಂಜೆ ನನ್ನ ಬಸ್ಸಿನಲ್ಲೇ ವಾಪಸ್ಸು. ಮೊನ್ನೆ ನನ್ನ ಹಿಂದಿನ ಸೀಟಿನಲ್ಲಿ ಕೂತು ಕೇಳಿದಳು. “ಅಲ್ಲಿ ಕಾಡಿನೋರಿಗೂ ಪೊಲೀಸ್ನೋರಿಗೂ ಗುಂಡು ಹಾರ್ತಾವಂತಲ್ಲ ಚಲಪತಣ್ಣ?” ನಾನಂದೆ, “ಆಸ್ಪತ್ರೆ ಗಾಡಿಗೆ ಯಾರಮ್ಮ ಹೊಡೀತಾರೆ? ನನ್ ಮಗಳೇ ಅದ್ರಲ್ಲಿ ಕೂತಿರ್ತಾಳೆ.” ಅವಳಿಗೆ ಸಮಾಧಾನವಾಯಿತು. ನಾನು ಸುಳ್ಳು ಹೇಳಲಿಲ್ಲ ತಾನೆ? ಬರೆದು ತಿಳಿಸು.

ನಿನ್ನಪ್ಪ
ಚಲಪತಿ

*

ಛತ್ತೀಸಗಡದ ಗಡಿ
9-7-2006

ಅಪ್ಪಾ,

ನೀನು ಹೇಳಿದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಗಾಡಿಗೆ ಯಾರೂ ಹೊಡೆದಿಲ್ಲ. ಆದರೆ ಗಾಡಿ ಎಲ್ಲಿ ಹೋಗುತ್ತೆ, ಒಳಗೆ ಯಾರು ಕೂತಿದ್ದಾರೆ ಅಂತ ಎರಡು ಕಡೆಯವರೂ ನೋಡುತ್ತಿರುತ್ತಾರೆ. ಕಾಡಿನೊಳಗೆ ಬಂದೂಕು ಹಿಡಿದವರು ಒಂದು ಕಡೆ. ಪೊಲೀಸರು, ಅವರ ಜೊತೆ ಬಂದೂಕು ಹಿಡಿದ ಊರಿನ ಹುಡುಗರು ಇನ್ನೊಂದು ಕಡೆ. ಈ ಹುಡುಗರು ರಸ್ತೆ ಬದಿಯ ಶಿಬಿರಗಳಲ್ಲಿರುತ್ತಾರೆ. ಊರು ಸುಟ್ಟುಹೋದ ಜನ ಕೆಲವರು ಶಿಬಿರಕ್ಕೆ ಬಂದಿದ್ದಾರೆ, ಕೆಲವರು ಕಾಡಿಗೆ ಓಡಿದ್ದಾರೆ, ಕೆಲವರು ಆಂಧ್ರಕ್ಕೆ ದಾಟಿದ್ದಾರೆ. ನಾವು ಈ ಮೂರು ಕಡೆ ಚದುರಿದವರಿಗೂ ಔಷಧಿ ಕೊಡುತ್ತೇವೆ. ಹಾಗಾಗಿ ನಮ್ಮನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ, ಮಗುವಿಗೆ ಜ್ವರ ಬಂದಾಗ ಮಾತ್ರ ಬಿಟ್ಟು.

ಸಂತೆ ನಡೆಯುವ ಜಾಗದಲ್ಲಿ ಟಾರ್ಪಾಲು ಕಟ್ಟಿ ಕೂರುತ್ತೇವೆ. ಮಲೇರಿಯಾ, ಭೇದಿ, ಬಾಣಂತಿಯರು. ಡಾಕ್ಟರ್ ಶೋಭಾರಾಣಿಗೆ ತೆಲುಗು ಬರುವುದಿಲ್ಲ. ಅವರ ಬಾಯಿ ಕಿವಿ ಎರಡೂ ನಾನೇ. ಇಲ್ಲಿಯವರ ತೆಲುಗು ನಮ್ಮದರ ಹಾಗಿಲ್ಲ, ಆದರೂ ನಾನು ‘ಏಮಮ್ಮಾ’ ಅಂದರೆ ನಗುತ್ತಾರೆ.

ಈಗ ಮುಖ್ಯ ವಿಷಯ. ನಮಗೆ ಮೊದಲ ದಿನವೇ ಹೇಳಿಕೊಟ್ಟ ನಿಯಮ: ರೋಗಿ ಅಂತ ನಾನೋ ಡಾಕ್ಟರೋ ನೋಡಿ ಹೇಳಿದವರನ್ನು ಬಿಟ್ಟು ಬೇರೆ ಯಾರನ್ನೂ ಗಾಡಿಗೆ ಹತ್ತಿಸಬಾರದು. ನಾವಿಲ್ಲದೆ ಗಾಡಿ ಹೋಗುವಾಗ ಯಾರಿಗೂ ನಿಲ್ಲಬಾರದು. ಒಂದು ಕಡೆಯವನನ್ನು ಒಂದು ಸಲ ಕೂರಿಸಿಕೊಂಡರೆ ಸಾಕು, ಇನ್ನೊಂದು ಕಡೆಗೆ ನಾವು ಶತ್ರುಗಳು. ಅತ್ತ ದರಿ, ಇತ್ತ ಪುಲಿ.

ಮುನೇಶನಿಗೆ ಇದು ತಲೆಗೇ ಹೋಗುತ್ತಿಲ್ಲ. ಯಾರು ಕೈ ತೋರಿಸಿದರೂ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತೆ. ನಾನು ಬೈದರೆ “ಚಲಪತಣ್ಣ ಹಂಗ್ ಕಲ್ಸಿಲ್ಲ ಹರಿಣಕ್ಕ” ಅಂತಾನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವನು ಕೇಳುವುದು ನಿನ್ನ ಮಾತನ್ನು. ನೀನೇ ಅವನಿಗೊಂದು ಕಾಗದ ಬರಿ ಅಪ್ಪ. ಯಾರು ಕೈ ತೋರಿಸಿದರೂ ನಿಲ್ಲಿಸಬೇಡ ಅಂತ ಒಂದು ಸಾಲು ಸಾಕು.

ನೀರು ಕಾಯಿಸಿಯೇ ಕುಡಿಯುತ್ತಿದ್ದೇನೆ, ಅಮ್ಮನಿಗೆ ಹೇಳು.

ಹರಿಣಿ

*

ಚಿಂತಾಮಣಿ
30-7-2006

ಹರಿಣಿ,

ನಿನ್ನ ಕಾಗದವನ್ನು ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಓದಿದೆ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆ ಇಳಿಸುವಾಗ ಇನ್ನೊಂದು ಸಲ ಓದಿದೆ. ಕಂಡಕ್ಟರ್ ಮುನಿಶಾಮಪ್ಪ, “ಏನ್ ಚಲಪತಿ, ಲವ್ ಲೆಟರಾ?” ಅಂದ. ನಗು ಬರಲಿಲ್ಲ.

ನೀನು ಕೇಳಿದ ಆ ಒಂದು ಸಾಲು ನನ್ನಿಂದ ಬರೆಯಲಾಗುವುದಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ಜಾತಿ ನಾನಲ್ಲ. ನಾನು ದಿನಾ ಮಾಡುವುದು ಒಂದು, ಅವನಿಗೆ ಹೇಳುವುದು ಇನ್ನೊಂದು ಆಗಬಾರದು.

ನಿಮ್ಮಜ್ಜಿ ಚಿಕ್ಕವೆಂಕಟಮ್ಮ ಹೆರಿಗೆಯಲ್ಲಿ ಹೋದಳು ಅಂತಷ್ಟೇ ನಿನಗೆ ಗೊತ್ತು. ಎಲ್ಲಿ ಹೋದಳು ಅಂತ ನಾನು ಹೇಳಿಲ್ಲ. ನೋವು ಶುರುವಾಗಿ ಮಗು ಅಡ್ಡ ಬಂದಾಗ ನಮ್ಮಪ್ಪ ಅವಳನ್ನು ಎತ್ತಿಕೊಂಡು ಟಾರು ರಸ್ತೆಗೆ ಬಂದ. ನನ್ನನ್ನು ರಸ್ತೆ ನಡುವೆ ನಿಲ್ಲಿಸಿ ಕೈ ತೋರಿಸು ಅಂದ. ಊರಿನ ಗೌಡರ ಗಾಡಿ ಬಂತು. ನಮ್ಮನ್ನು ನೋಡಿ ಎತ್ತು ಬದಿಗೆ ಹೊಡೆದುಕೊಂಡು ಹೋಯಿತು. ಆಮೇಲೆ ಬಸ್ಸು ಬಂತು. ನಿಧಾನ ಆಯಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ನೋಡಿ, ನಾವು ಯಾವ ಕೇರಿಯವರು ಅಂತ ತಿಳಿದು ‘ರೈಟ್’ ಅಂದ. ಅವಳು ರಸ್ತೆ ಬದಿಯ ಹುಣಸೆಮರದ ಕೆಳಗೆ ಪ್ರಾಣ ಬಿಟ್ಟಳು. ಮಗು ಹೊರಗೆ ಬರಲೇ ಇಲ್ಲ. ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು.

ನಾನು ಡ್ರೈವರ್ ಆಗಿದ್ದು ಆ ಬಸ್ಸಿನ ಮೇಲಿನ ಸಿಟ್ಟಿಗೆ. ಅವತ್ತಿನಿಂದ ಇವತ್ತಿನವರೆಗೂ ಕೈ ತೋರಿಸಿದ ಒಬ್ಬರನ್ನೂ ಬಿಟ್ಟು ಹೋಗಿಲ್ಲ. ಓನರ್ ಮೋಹನ್‌ಬಾಬು ಟೈಮ್ ಹಾಳು ಅಂತ ಬೈದರೂ ಬಿಟ್ಟಿಲ್ಲ. ನಿಮ್ಮ ಸಂಸ್ಥೆಯವರು ಓದಿದವರು, ಅವರ ನಿಯಮಕ್ಕೆ ಕಾರಣ ಇರಬಹುದು. ಆದರೆ ‘ಬಿಟ್ಟು ಹೋಗು’ ಅನ್ನುವ ಮಾತು ನನ್ನ ಪೆನ್ನಿನಿಂದ ಬರಲ್ಲಮ್ಮ.

ಸಿಟ್ಟು ಮಾಡಿಕೊಳ್ಳಬೇಡ. ನಿಮ್ಮಮ್ಮ ಹುರಿಗಾಳು ಕಳಿಸಿದ್ದಾಳೆ.

ನಿನ್ನಪ್ಪ

*

ಛತ್ತೀಸಗಡದ ಗಡಿ
3-9-2006

ಅಪ್ಪಾ,

ಅಜ್ಜಿಯ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?

ಆದರೂ ನನ್ನ ಮಾತು ಬದಲಾಗಿಲ್ಲ. ಹೋದ ವಾರ ಇಲ್ಲೊಬ್ಬ ಟ್ರ್ಯಾಕ್ಟರ್‌ನವನನ್ನು ಹೊಡೆದು ರಸ್ತೆಯಲ್ಲಿ ಎಸೆದಿದ್ದರು. ಶಿಬಿರಕ್ಕೆ ಅಕ್ಕಿ ಸಾಗಿಸಿದ ಅಂತ. ನಾನೇ ಹೊಲಿಗೆ ಹಾಕಿದೆ, ಉಳಿಯಲಿಲ್ಲ. ಅದಾದ ಮೇಲೆ ಇನ್ನೊಂದು ತಂಡದ ಕಾಂಪೌಂಡರನ್ನು ಪೊಲೀಸರು ಹಿಡಿದುಕೊಂಡು ಹೋದರು, ಕಾಡಿನವರ ಗಾಯಕ್ಕೆ ಪಟ್ಟಿ ಕಟ್ಟಿದ ಅಂತ. ವಾಪಸ್ಸು ಬಂದಿದ್ದಾನೆ, ಮಾತಾಡುತ್ತಿಲ್ಲ. ಅವನ ಕೈಬೆರಳು ನೋಡಿದೆ. ಬರೆಯುವುದಿಲ್ಲ.

ನೀನು ಓಡಿಸುವುದು ಚಿಂತಾಮಣಿ ರಸ್ತೆಯಲ್ಲಿ. ಅಲ್ಲಿ ಕೈ ತೋರಿಸಿದವಳ ಮಂಕರಿಯಲ್ಲಿ ಹೂವಿರುತ್ತೆ. ಇಲ್ಲಿ ಕೈ ತೋರಿಸಿದವನು ಯಾರು, ಅವನನ್ನು ಯಾರು ನೋಡುತ್ತಿದ್ದಾರೆ, ಯಾರಿಗೂ ಗೊತ್ತಿಲ್ಲ. ಮುನೇಶನ ಮೇಲೆ ನನಗೂ ತಮ್ಮನ ಮೇಲಿನಷ್ಟೇ ಪ್ರೀತಿ. ಅಜ್ಜಿ ಒಂದು ಸಲ ಸತ್ತಳು ಅಂತ ಇವನನ್ನೂ ಕಳೆದುಕೊಳ್ಳಬೇಕಾ?

ಕಟುವಾಗಿ ಬರೆದೆ. ಹರಿದು ಹಾಕಿ ಬೇರೆ ಬರೆಯೋಣ ಅಂದುಕೊಂಡೆ. ಹರಿಯಲಿಲ್ಲ.

ಹರಿಣಿ

*

20-10-2006

ಚಲಪತಣ್ಣನಿಗೆ ಮುನೇಶ ಮಾಡೋ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡಿ ಅಣ್ಣ. ದೀಪಾವಳಿಗೆ ಬರಬೇಕು ಅಂತಿದ್ದೆ, ರಜ ಸಿಗಲಿಲ್ಲ. ಅಮ್ಮನಿಗೆ ಹೇಳಿ, ಸಂಕ್ರಾಂತಿಗೆ ಖಂಡಿತ ಬರ್ತೀನಿ. ಇಲ್ಲಿ ಜೀಪು ಚೆನ್ನಾಗಿದೆ, ರೋಡು ದೇವರಿಗೇ ಪ್ರೀತಿ. ಮೊಣಕಾಲುದ್ದ ಹಳ್ಳ. ನೀವಾದ್ರೆ ಓನರಿಗೆ ಬೈದಿರೋರು.

ಒಂದು ವಿಷಯ ನಿಮಗೆ ಮಾತ್ರ ಹೇಳ್ತೀನಿ, ಹರಿಣಕ್ಕನಿಗೆ ಬರೀಬೇಡಿ. ಮೊನ್ನೆ ಅಕ್ಕನ್ನ, ಡಾಕ್ಟ್ರಮ್ಮನ್ನ ಸಂತೇಲಿ ಬಿಟ್ಟು ಔಷಧಿ ಡಬ್ಬ ತರಕ್ಕೆ ಒಬ್ಬನೇ ಹೋಗ್ತಿದ್ದೆ. ಒಬ್ಬ ಆಳು ಕುಂಟ್ತಾ ಕೈ ತೋರಿಸ್ದ. ಕಾಲು ಬೂದುಗುಂಬಳದಂಗೆ ಬಾತಿತ್ತು. ಅಕ್ಕ ಇಲ್ಲದಾಗ ನಿಲ್ಲಿಸಬಾರದು. ಸ್ವಲ್ಪ ದೂರ ಮುಂದೆ ಹೋದೆ ಅಣ್ಣ. ಆಮೇಲೆ ಮನಸ್ಸು ತಡೀಲಿಲ್ಲ, ರಿವರ್ಸ್ ತಗೊಂಡೆ. ಯಾರು ಏನು ಅಂತ ಕೇಳಿ ಹತ್ತಿಸೋದು ನಮ್ಮ ಪದ್ಧತಿ ಅಲ್ವಲ್ಲ. ಶಿಬಿರದ ಹತ್ರ ಇಳಿಸ್ದೆ. ಅಲ್ಲಿದ್ದ ಬಂದೂಕಿನ ಹುಡುಗ್ರು ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ಕರ್ಕೊಂಡು ಹೋದ್ರು. ಅವನೂ ಅವರ ಪೈಕಿನೇ ಅಂತ ಆಗ ಗೊತ್ತಾಯ್ತು. ಅವತ್ತು ಅವನ ಹತ್ರ ಬಂದೂಕು ಇರಲಿಲ್ಲ ಬಿಡಿ.

ನಾನು ಮಾಡಿದ್ದು ತಪ್ಪಾ ಅಣ್ಣ? ನೀವು ಹೇಳಿದಂಗೆ ಕೇಳ್ತೀನಿ.

ಮುನೇಶ

*

ಚಿಂತಾಮಣಿ
5-11-2006

ಮುನೇಶ,

ನಿನ್ನ ಕಾಗದ ಬಂತು. ಹರಿಣಿಗೆ ಬರೆಯುವುದಿಲ್ಲ. ಅವಳ ಭಯ ಅವಳಿಗೆ, ಅವಳೂ ಚಿಕ್ಕವಳು.

ನೀನು ಮಾಡಿದ್ದು ತಪ್ಪಲ್ಲ. ಕುಂಟುವವನು ಯಾರ ಪೈಕಿಯಾದರೇನು, ನೋವು ಒಂದೇ. ರಿವರ್ಸ್ ತಗೊಂಡೆ ಅಂತ ಓದಿದಾಗ ಮುನಿಶಾಮಪ್ಪನನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದೆ. ಕೈ ತೋರಿಸಿದಲ್ಲಿ ನಿಲ್ಲುವ ಗಾಡಿಗೆ ಕೆಟ್ಟದ್ದಾಗಲ್ಲ. ಹುಷಾರಾಗಿರು. ಸಂಕ್ರಾಂತಿಗೆ ಬಾ.

ಚಲಪತಿ

*

ಛತ್ತೀಸಗಡದ ಗಡಿ
10-12-2006

ಅಪ್ಪಾ,

ಸಂಸ್ಥೆಯವರು ಫೋನಿನಲ್ಲಿ ನಿನಗೆ ಎರಡು ಮಾತು ಹೇಳಿದ್ದಾರೆ. ಡಾಕ್ಟರ್ ಶೋಭಾರಾಣಿ ಮುನೇಶನನ್ನು ಊರಿಗೆ ಕರೆದುಕೊಂಡು ಬಂದು ಮಣ್ಣು ಮಾಡುವವರೆಗೂ ನಿಮ್ಮ ಜೊತೆ ಇದ್ದರಂತೆ. ನನ್ನನ್ನು ಪೊಲೀಸರು ಹೇಳಿಕೆಗೆ ಅಂತ ಇಲ್ಲೇ ಉಳಿಸಿಕೊಂಡರು. ಉಳಿದದ್ದನ್ನು ನಾನೇ ಹೇಳಬೇಕು.

ಸಂತೆಗೆ ಹೋಗುತ್ತಿದ್ದೆವು. ಕಾಡಿನ ಒಂದು ತಿರುವಿನಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡು ಕೈ ತೋರಿಸಿದಳು. ಆ ತಿರುವಿನಲ್ಲಿ ಯಾವತ್ತೂ ಯಾರೂ ಇರುವುದಿಲ್ಲ. ನಾನು ನಿಲ್ಲಿಸಬೇಡ ಅಂದೆ. ಮುನೇಶ, “ಮಗು ಐತೆ ಅಕ್ಕ” ಅಂದ. ನಿಲ್ಲಿಸಿದ. ಅವಳು ಹತ್ತಲಿಲ್ಲ, ಹಿಂದೆ ಸರಿದಳು. ಪೊದೆಯಿಂದ ಬಂದೂಕಿನವರು ಬಂದರು. ಕಾಡಿನವರು.

ನಮ್ಮ ಮೇಲೆ ಕೈ ಮಾಡಲಿಲ್ಲ. ಅವನಿಗೆ ಮಾತ್ರ ಇಳಿ ಅಂದರು. ಶಿಬಿರದವನನ್ನು ಕೂರಿಸಿಕೊಂಡು ಹೋದೆಯಾ ಅಂತ ತೆಲುಗಿನಲ್ಲೇ ಕೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. ಇಲ್ಲ, ನಮ್ಮ ಗಾಡಿಯಲ್ಲಿ ಯಾರನ್ನೂ ಹತ್ತಿಸಲ್ಲ ಅಂತ ನಾನು ಆಣೆ ಇಡುತ್ತಿದ್ದೆ. ಮುನೇಶ ನನ್ನನ್ನು ತಡೆದು, “ಹೌದು, ಹತ್ತಿಸ್ಕೊಂಡೆ” ಅಂದ. “ಕುಂಟ್ತಾ ಇದ್ದ. ನೀವು ಕುಂಟ್ತಿದ್ರೂ ಹತ್ತಿಸ್ಕೊಂತೀನಿ.” ಅವರಲ್ಲಿ ಒಬ್ಬ ನಕ್ಕ. ಡಾಕ್ಟರ್ ‘ಏನಂತಾರೆ, ಏನಂತಾರೆ’ ಅಂತ ನನ್ನ ತೋಳು ಹಿಡಿದು ಕೇಳುತ್ತಿದ್ದರು. ಒಂದೊಂದು ಮಾತನ್ನೂ ನಾನು ಅವರಿಗೆ ಹೇಳಿದೆ ಅಪ್ಪ. ವಿಚಾರಣೆ ಮಾಡಿ ಕಳಿಸುತ್ತೇವೆ ಅಂತ ಹೇಳಿ ಅವನನ್ನು ಕರೆದುಕೊಂಡು ಹೋದರು. ಹೋಗುವಾಗ ಅವನು ಬೀಗದ ಕೈ ನನ್ನ ಕಡೆ ಎಸೆದ. ನನಗೂ ಡಾಕ್ಟರಿಗೂ ಓಡಿಸಲು ಬರಲ್ಲ ಅನ್ನುವುದು ಅವನಿಗೆ ಆಗ ನೆನಪಾಗಲಿಲ್ಲ. ನಾವು ನಡೆದು ಬಂದೆವು.

ಅವನು ಸಿಕ್ಕಿದ್ದು ಅದೇ ತಿರುವಿನಲ್ಲಿ. ಗುರುತು ಹಿಡಿದವಳು ನಾನು.

ಅವನ ಸಾಮಾನು ಕಟ್ಟುವಾಗ ಟ್ರಂಕಿನಲ್ಲಿ ನಿನ್ನ ಕಾಗದ ಸಿಕ್ಕಿತು. ಓದಿದೆ. ಆಂಜಿನಮ್ಮನಿಗೆ ಕಳಿಸಿದ ಗಂಟಿನಲ್ಲಿ ಅದನ್ನು ಇಡಲಿಲ್ಲ. ಅದು ನನ್ನ ಹತ್ತಿರ ಇದೆ. ಅವನ ಕಾಗದ ಬಂದ ದಿನವೇ ನೀನು ನನಗೊಂದು ಮಾತು ತಿಳಿಸಿದ್ದರೆ ನಾನು ಅವನನ್ನು ಊರಿಗೆ ಕಳಿಸಿಬಿಡುತ್ತಿದ್ದೆ. ನಿನ್ನನ್ನು ಬೈಯಬೇಕು ಅನ್ನಿಸುತ್ತೆ, ನಿನ್ನ ಹತ್ತಿರ ಬಂದು ಅಳಬೇಕು ಅಂತಲೂ ಅನ್ನಿಸುತ್ತೆ. ಎರಡನ್ನೂ ಮಾಡಲಾರದೆ ಕೂತಿದ್ದೇನೆ.

ಹರಿಣಿ

*

ಚಿಂತಾಮಣಿ
14-1-2007

ಹರಿಣಿ,

ಇವತ್ತು ಸಂಕ್ರಾಂತಿ. ನಿಮ್ಮಮ್ಮ ಎಳ್ಳು ಬೀರಲಿಲ್ಲ.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಬರೆಯಲು ಏನೂ ಇಲ್ಲ ಅಂತಲ್ಲ. ನಾನು ಮುನೇಶನಿಗೆ ಬರೆದದ್ದನ್ನು ಆಂಜಿನಮ್ಮನಿಗೆ ಹೇಳದೆ ನಿನಗೆ ಬರೆಯಬಾರದು ಅಂತ ಇದ್ದೆ. ದಿನಾ ಹೋಗೋಣ ಅಂದುಕೊಳ್ಳುತ್ತಿದ್ದೆ. ಕೊನೆಗೆ ಅವಳೇ ನಮ್ಮ ಮನೆಗೆ ಬಂದಳು. ನಿಮ್ಮಮ್ಮ ಚಾಪೆ ಹಾಕಿದಳು, ಅವಳು ನೆಲದ ಮೇಲೇ ಕೂತಳು.

“ಅಲ್ಲಿ ನಿಲ್ಲಿಸ್ಬಾರ್ದು ಅಂತ ನನ್ ಮಗನಿಗೆ ಯಾರೂ ಹೇಳಿರ್ಲಿಲ್ವಾ ಚಲಪತಣ್ಣ?”

“ಹರಿಣಿ ಹೇಳಿದ್ಳಮ್ಮ.”

“ಅವ್ನು ಕೇಳ್ತಿದ್ದಿದ್ದು ನಿನ್ ಮಾತು. ನೀನೇನ್ ಹೇಳ್ದೆ?”

ನನಗೆ ಸುಳ್ಳು ಬಾಯಿಗೆ ಬಂದಿತ್ತು ಹರಿಣಿ. ಹೇಳಿದೆ, ಅವನು ಕೇಳಲಿಲ್ಲ ಅನ್ನಬಹುದಿತ್ತು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಿರಲಿಲ್ಲ. “ನಿಲ್ಲಿಸಿದ್ದು ತಪ್ಪಲ್ಲ ಅಂತ ಬರೆದೆ” ಅಂದೆ. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು.

ಈಗ ಮತ್ತೆ ಹೂವು ಮಾರಲು ಹೋಗುತ್ತಾಳೆ. ನಲ್ಲಪ್ಪನಹಳ್ಳಿ ಗೇಟಿನಲ್ಲಿ ಮಂಕರಿ ಇಟ್ಟುಕೊಂಡು ನಿಂತಿರುತ್ತಾಳೆ. ನನ್ನ ಬಸ್ಸು ಕಂಡರೆ ಕೈ ತೋರಿಸುವುದಿಲ್ಲ. ನಾನು ನಿಲ್ಲಿಸುತ್ತೇನೆ. ಅವಳು ಆ ಕಡೆ ಹೊಲ ನೋಡುತ್ತಾ ನಿಲ್ಲುತ್ತಾಳೆ. ಮುನಿಶಾಮಪ್ಪ ಸ್ವಲ್ಪ ಹೊತ್ತು ಕಾದು ಮೆಲ್ಲಗೆ ‘ರೈಟ್’ ಅಂತಾನೆ. ಹಿಂದೆ ಬರುವ ಗವರ್ಮೆಂಟ್ ಬಸ್ಸಿಗೆ ಹತ್ತುತ್ತಾಳಂತೆ. ಇವತ್ತೂ ನಿಲ್ಲಿಸಿದೆ. ನಾಳೆಯೂ ನಿಲ್ಲಿಸುತ್ತೇನೆ. ಬೇರೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ.

ನಿಮ್ಮಮ್ಮ ನೀನು ವಾಪಸ್ಸು ಬರಬೇಕು ಅಂತಾಳೆ. ನನ್ನ ಆಸೆಯೂ ಅದೇ. ಆದರೆ ನೀನು ಬರಲ್ಲ, ನನ್ನ ಮಗಳಲ್ಲವಾ. ಹಾಗಾಗಿ ಅವತ್ತು ನೀನು ಕೇಳಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಮುನೇಶನಿಗೆ ಬರೆದದ್ದರ ಜೊತೆ ಇದನ್ನೂ ಇಟ್ಟುಕೋ.

ಯಾರು ಕೈ ತೋರಿಸಿದರೂ ನಿಲ್ಲಿಸಬೇಡ.

ನಿನ್ನಪ್ಪ
ಚಲಪತಿ

*

ಛತ್ತೀಸಗಡದ ಗಡಿ
11-2-2007

ಅಪ್ಪಾ,

ಮತ್ತೆ ಕೆಲಸ ಶುರುವಾಗಿದೆ. ನಾವು ನಿಲ್ಲಿಸಿದ್ದ ದಿನಗಳಲ್ಲಿ ಒಂದು ಊರಿನಲ್ಲಿ ದಡಾರ ಬಂದು ಮಕ್ಕಳು ಹೋಗಿವೆ. ಅದನ್ನು ನೋಡಿದ ಮೇಲೆ ಬಿಟ್ಟು ಬರಲು ಆಗಲಿಲ್ಲ. ಅಮ್ಮನಿಗೆ ಹೇಗಾದರೂ ಹೇಳು.

ಹೊಸ ಡ್ರೈವರ್ ಬಂದಿದ್ದಾರೆ. ವಯಸ್ಸಾದವರು, ಮಾತು ಕಡಿಮೆ. ನಿಯಮವೂ ಬಿಗಿಯಾಗಿದೆ. ಸಂತೆಯ ಜಾಗ ಬಿಟ್ಟರೆ ದಾರಿಯಲ್ಲಿ ಎಲ್ಲೂ, ಯಾರಿಗೂ ನಿಲ್ಲಿಸುವ ಹಾಗಿಲ್ಲ. ರೋಗಿ ಆದರೂ ಸಂತೆಗೇ ಬರಬೇಕು.

ಮೊನ್ನೆ ವಾಪಸ್ಸು ಬರುವಾಗ ರಸ್ತೆ ಬದಿ ಒಬ್ಬಳು ಕೂತಿದ್ದಳು. ತುಂಬಿದ ಬಸುರಿ. ಮರಕ್ಕೆ ಒರಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಜೊತೆಯಲ್ಲಿದ್ದ ಗಂಡಸು ರಸ್ತೆಗೆ ಬಂದು ಕೈ ತೋರಿಸಿದ. ಅವಳಿಗೆ ನಿಜವಾಗಿಯೂ ನೋವು ಬಂದಿದೆ ಅಂತ ನನಗೆ ಅವಳು ಕಾಲು ಅಗಲಿಸಿ ಊರಿದ್ದ ರೀತಿ ನೋಡಿದಾಗಲೇ ತಿಳಿಯಿತು, ಅದೇ ನನ್ನ ಕಸುಬು. ಅವನ ಹಿಂದೆ ಪೊದೆ ಇತ್ತು. ಡ್ರೈವರ್ ಗಾಡಿ ನಿಧಾನ ಮಾಡಿ ನನ್ನ ಮುಖ ನೋಡಿದರು. ಡಾಕ್ಟರ್ ಕಣ್ಣು ಮುಚ್ಚಿಕೊಂಡಿದ್ದರು.

ನೀನು ಬರೆದ ಹಾಗೆಯೇ ಮಾಡಿದೆ. “ಹೋಗಿ” ಅಂದೆ.

ಕನ್ನಡಿಯಲ್ಲಿ ನೋಡಿದೆ. ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು. ಮಾರನೆಯ ದಿನ ಅದೇ ದಾರಿಯಲ್ಲಿ ಹೋದೆವು, ಮರದ ಕೆಳಗೆ ಯಾರೂ ಇರಲಿಲ್ಲ. ಏನಾಯಿತು ಅಂತ ಸಂತೆಯಲ್ಲಿ ಕೇಳುವ ಧೈರ್ಯ ಬರಲಿಲ್ಲ.

ಅಪ್ಪಾ, ಅಜ್ಜಿ ನೋಡಲು ಹೇಗಿದ್ದಳು ಅಂತ ಒಂದು ಸಲ ಬರೆದು ತಿಳಿಸು. ಅವಳನ್ನು ನಾನು ನೋಡಿಯೇ ಇಲ್ಲ ಅಂದುಕೊಂಡಿದ್ದೆ.

ಹರಿಣಿ